‘ಕರ್ಟಿಯಸ್’ ಮತ್ತು ‘ಪೊಲೈಟ್’: ಎರಡು ಆಂಗ್ಲ ವಿಶೇಷಣಗಳ ಅರ್ಥವಿಚಾರ

೧

ಇಂಗ್ಲಿಷ್ ಸಾಹಿತ್ಯವನ್ನು ಕನ್ನಡದ ಮೂಲಕ ವಿವರಿಸಬೇಕಾದ ಅಧ್ಯಾಪಕರಿಗೂ, ಆ ಸಾಹಿತ್ಯದಿಂದ ಕನ್ನಡಕ್ಕೆ ಅನುವಾದ ಮಾಡತಕ್ಕವರಿಗೂ ದೊಡ್ಡ ಶಬ್ದಗಳಿಗಿಂತ ಚಿಕ್ಕ ಶಬ್ದಗಳಿಂದಲೇ ತೊಡಕು ಹೆಚ್ಚು. ಶಾಸ್ತ್ರದ ಪಾರಿಭಾಷಿಕ ಪದವೊಂದು ಎದುರಾದರೆ ನಾವು ನಿಂತು ಯೋಚಿಸುತ್ತೇವೆ, ನಿಘಂಟನ್ನು ತೆರೆಯುತ್ತೇವೆ. ದಿನದಿನವೂ ಬಳಕೆಯಲ್ಲಿರುವ ಗುಣವಾಚಕಗಳನ್ನಾದರೋ, ಅರ್ಥ ಗೊತ್ತೇ ಇದೆಯೆಂಬ ಧೈರ್ಯದಿಂದ ದಾಟಿಕೊಂಡು ಹೋಗುತ್ತೇವೆ. ಮನುಷ್ಯನ ನಡೆವಳಿಕೆಯನ್ನು ವರ್ಣಿಸುವ ‘ಕರ್ಟಿಯಸ್’, ‘ಪೊಲೈಟ್’ ಎಂಬೆರಡು ವಿಶೇಷಣಗಳು ಇಂಥವು. ಎರಡಕ್ಕೂ ‘ವಿನಯಶೀಲ’ನೆಂದು ಒಂದೇ ಅರ್ಥವನ್ನು ಹೇಳಿ ಮುಂದುವರಿಯುವುದು ನಮ್ಮಲ್ಲಿ ವಾಡಿಕೆಯಾಗಿದೆ. ದಿನಬಳಕೆಯ ಮಾತುಕತೆಗೆ ಇದರಿಂದ ಹಾನಿಯೇನೂ ಆಗದು. ಆದರೆ ಚಾಸರ್, ಸ್ಪೆನ್ಸರ್, ಜಾನ್ಸನ್, ಜೇನ್ ಆಸ್ಟೆನ್ ಇವರ ಬರೆಹಗಳನ್ನು ಓದುವಾಗ ಈ ಒಂದೇ ಅರ್ಥ ಸಾಲದಾಗುತ್ತದೆ. ಕವಿಯು ಹೊಗಳುತ್ತಿದ್ದಾನೆಯೋ, ನಗುತ್ತಿದ್ದಾನೆಯೋ ಎಂಬುದೇ ಕೆಲವೆಡೆ ತಿಳಿಯದೆ ಹೋಗುತ್ತದೆ.

ಪ್ರಕೃತ ಲೇಖನದಲ್ಲಿ ಈ ಎರಡು ಶಬ್ದಗಳ ಹುಟ್ಟನ್ನೂ ನಡೆದುಬಂದ ದಾರಿಯನ್ನೂ ಸಂಗ್ರಹವಾಗಿ ಪರಿಶೀಲಿಸಿ, ಅವುಗಳಿಗೆ ಕನ್ನಡದಲ್ಲಿ ಸಲ್ಲತಕ್ಕ ಮಾತುಗಳು ಯಾವುವೆಂಬುದನ್ನು ವಿಚಾರಿಸಲಾಗಿದೆ. ತೀರ್ಮಾನವನ್ನು ಮೊದಲೇ ಸೂಚಿಸುವುದಾದರೆ: ‘ಕರ್ಟಿಯಸ್’ ಎಂಬುದು ಸ್ಥಾನದಿಂದ ಹುಟ್ಟಿದ ಶಬ್ದ, ‘ಪೊಲೈಟ್’ ಎಂಬುದು ಮೇಲ್ಮೈಯಿಂದ ಹುಟ್ಟಿದ ಶಬ್ದ. ಮನುಷ್ಯನು ಯಾರ ನಡುವೆ ಇದ್ದಾನೆ, ಅವರಿಗೆ ಏನನ್ನು ಸಲ್ಲಿಸುತ್ತಾನೆ ಎಂಬುದರ ಕಡೆಗೆ ಮೊದಲನೆಯದರ ದೃಷ್ಟಿ. ಅವನು ತನ್ನನ್ನು ಎಷ್ಟು ತಿದ್ದಿ ತೀಡಿಕೊಂಡಿದ್ದಾನೆ ಎಂಬುದರ ಕಡೆಗೆ ಎರಡನೆಯದರ ದೃಷ್ಟಿ. ಈ ಭೇದವು ಇಂದು ಬಹಳಮಟ್ಟಿಗೆ ಸವೆದುಹೋಗಿದ್ದರೂ ಪೂರ್ತಿಯಾಗಿ ಅಳಿದಿಲ್ಲ.

೨

‘ಕರ್ಟಿಯಸ್’ ಶಬ್ದದ ಮೂಲ ‘ಕೋರ್ಟ್’. ಈ ಮಾತು ಇಂದು ನಮಗೆ ನ್ಯಾಯಸ್ಥಾನವನ್ನೇ ಮುಖ್ಯವಾಗಿ ನೆನಪಿಗೆ ತರುವುದಾದರೂ ಇಲ್ಲಿ ಬೇಕಾದುದು ಅರಸನ ಆಸ್ಥಾನವೆಂಬ ಅರ್ಥ. ಲ್ಯಾಟಿನ್ನಿನ ‘ಕೊಹೋರ್ಸ್’ ಎಂದರೆ ಮೊದಲು ಸುತ್ತ ಆವರಣವಿರುವ ಅಂಗಳ, ಹಟ್ಟಿ. ಬಳಿಕ ಅಂಥಲ್ಲಿ ಕೂಡಿದ ಜನ, ದಂಡಿನ ಒಂದು ತುಕಡಿ, ದೊಡ್ಡ ಅಧಿಕಾರಿಯ ಪರಿವಾರ. ತೋಟವೆಂಬ ಅರ್ಥದ ‘ಹೋರ್ತುಸ್’ ಇದರ ಬಳಗದ್ದೇ. ಇಂಗ್ಲಿಷಿನ ‘ಯಾರ್ಡ್’, ‘ಗಾರ್ಡನ್’ ಎಂಬುವೂ ದೂರದ ನಂಟಿನವು. ಸಂಸ್ಕೃತದ ‘ಗೃಹ’ ಶಬ್ದವನ್ನು ಇದೇ ಮೂಲಕ್ಕೆ ಸೇರಿಸುವ ಭಾಷಾಶಾಸ್ತ್ರಜ್ಞರೂ ಉಂಟು. ಹಟ್ಟಿಯಿಂದ ಹೊರಟ ಮಾತು ಅರಮನೆಯನ್ನು ಮುಟ್ಟಿತು. ಹಳೆಯ ಫ್ರೆಂಚಿನಲ್ಲಿ ಆಸ್ಥಾನಕ್ಕೆ ಒಪ್ಪುವ ನಡತೆಯುಳ್ಳವನು ‘ಕೋರ್ತೇಸ್’ ಎನ್ನಿಸಿಕೊಂಡನು. ನಾರ್ಮನ್ನರ ಭಾಷೆಯೊಡನೆ ಬಂದ ಈ ಶಬ್ದವು ೧೩೦೦ರ ಸುಮಾರಿಗೆ ಇಂಗ್ಲಿಷಿನಲ್ಲಿ ನೆಲೆಗೊಂಡಿತು.

ಒಂದು ಶಬ್ದದ ಸ್ವಭಾವವನ್ನು ತಿಳಿಯಲು ಅದರ ವಿರುದ್ಧಪದವನ್ನು ನೋಡುವುದು ಒಳ್ಳೆಯ ಉಪಾಯ. ಹಳೆಯ ಫ್ರೆಂಚಿನಲ್ಲಿ ‘ಕೋರ್ತೇಸ್’ ಎಂಬವನ ಎದುರಿಗೆ ನಿಂತವನು ‘ವಿಲೇನ್’. ಎಂದರೆ ಜಮೀನುದಾರನ ಹೊಲಮನೆಗೆ ಸೇರಿದ ಒಕ್ಕಲು ಮಗ. ಈ ಒಕ್ಕಲಿಗನೇ ಇಂಗ್ಲಿಷಿನಲ್ಲಿ ಕ್ರಮೇಣ ನೀಚನೂ ನಾಟಕದ ಖಳನೂ ಆದನು. ನಡತೆಗೆಟ್ಟವನನ್ನು ಹೇಳುವ ‘ಬೂರ್’ ಎಂಬುದೂ ರೈತನ ಹೆಸರೇ. ‘ಚರ್ಲಿಷ್’ ಎಂಬುದರ ಮೂಲವಾದ ‘ಚರ್ಲ್’ ಕೂಡ ಸಾಮಾನ್ಯ ಪ್ರಜೆ. ಆಸ್ಥಾನದ ಒಳಗಿರುವವನ ನಡತೆ ಒಳ್ಳೆಯದು, ಹೊರಗೆ ಉಳುವವನ ನಡತೆ ಕೆಟ್ಟದ್ದು ಎಂಬ ತೀರ್ಪು ಈ ಶಬ್ದಗಳ ಗರ್ಭದಲ್ಲಿಯೇ ಇದೆ. ನಮ್ಮ ಆಲಂಕಾರಿಕರ ‘ಗ್ರಾಮ್ಯ’ವೆಂಬ ದೋಷದ ಹೆಸರಿನಲ್ಲಿಯೂ ಇಂಥದೇ ತೀರ್ಪು ಅಡಗಿದೆಯೆಂಬುದನ್ನು ನೆನೆದರೆ, ಈ ಪಕ್ಷಪಾತ ಒಂದು ದೇಶಕ್ಕೆ ಮಾತ್ರ ಸೇರಿದ್ದಲ್ಲವೆಂದು ತಿಳಿಯುವುದು.

ಇದೇ ಮನೆತನದ ಇನ್ನೊಂದು ಶಬ್ದ ‘ಕರ್ಟ್ಸಿ’. ಹೆಂಗಸರು ಮೊಣಕಾಲನ್ನು ತುಸು ಬಾಗಿಸಿ ಸಲ್ಲಿಸುವ ವಂದನೆಗೆ ಈ ಹೆಸರು. ಇದು ೧೬ನೆಯ ಶತಮಾನದಲ್ಲಿ ‘ಕರ್ಟಸಿ’ ಎಂಬ ಭಾವನಾಮವೇ ಉಚ್ಚಾರಣೆಯಲ್ಲಿ ಕುಗ್ಗಿ ಬೇರೆಯಾದ ರೂಪ. ಗುಣವು ಹೀಗೆ ಒಂದು ದೇಹಕ್ರಿಯೆಯಾಗಿ ನಿಂತುದು ಗಮನಾರ್ಹ. ಈ ಕ್ರಿಯೆಗೆ ಎದುರಿಗೊಬ್ಬರು ಇರಲೇಬೇಕು. ಒಬ್ಬಂಟಿಯಾಗಿ ಕೋಣೆಯಲ್ಲಿ ಕುಳಿತವನು ‘ಕರ್ಟಿಯಸ್’ ಆಗಲಾರನು.

೩

ಇನ್ನು ‘ಪೊಲೈಟ್’. ಇದರ ವಿಷಯದಲ್ಲಿ ಮೊದಲು ಒಂದು ಭ್ರಾಂತಿಯನ್ನು ಕಳೆಯಬೇಕು. ನಗರವೆಂಬ ಅರ್ಥದ ಗ್ರೀಕ್ ‘ಪೋಲಿಸ್’ ಶಬ್ದದಿಂದ ‘ಪಾಲಿಟಿಕ್ಸ್’ ಹುಟ್ಟಿದಂತೆ ‘ಪೊಲೈಟ್’ ಎಂಬುದೂ ಹುಟ್ಟಿತೆಂದು ತರಗತಿಗಳಲ್ಲಿ ಹೇಳುವುದು ಕೇಳಿಬರುತ್ತದೆ. ಊಹೆ ಮೇಲುನೋಟಕ್ಕೆ ಚೆನ್ನಾಗಿಯೇ ಇದೆ. ಲ್ಯಾಟಿನ್ನಿನಲ್ಲಿ ನಗರವಾಚಕವಾದ ‘ಉರ್ಬ್ಸ್’ ಶಬ್ದದಿಂದ ‘ಅರ್ಬೇನ್’ ಬಂದಿದೆ. ಪೌರನೆಂಬ ಅರ್ಥದ ಶಬ್ದದಿಂದ ‘ಸಿವಿಲ್’ ಬಂದಿದೆ. ನಮ್ಮಲ್ಲಿಯೂ ನಗರದಿಂದ ‘ನಾಗರಿಕ’ ಬಂದಿದೆ. ಆದುದರಿಂದ ‘ಪೊಲೈಟ್’ ಎಂಬುದೂ ನಗರದ ಕೂಸೇ ಇರಬೇಕೆಂದು ತೋರುವುದು ಸಹಜ. ಆದರೆ ಸಾದೃಶ್ಯವು ಪ್ರಮಾಣವಲ್ಲ. ಈ ಶಬ್ದವು ಲ್ಯಾಟಿನ್ನಿನ ‘ಪೊಲೀರೆ’, ಎಂದರೆ ಉಜ್ಜಿ ನಯಮಾಡು, ಒಪ್ಪವಿಡು ಎಂಬ ಕ್ರಿಯಾಪದದ ಭೂತಕೃದಂತವಾದ ‘ಪೊಲೀತುಸ್’ ಎಂಬುದರಿಂದ ಬಂದುದು. ಅದೇ ಕ್ರಿಯಾಪದ ಫ್ರೆಂಚಿನ ದಾರಿ ಹಿಡಿದು ಬಂದು ಇಂಗ್ಲಿಷಿನ ‘ಪಾಲಿಷ್’ ಆಗಿದೆ. ‘ಪೊಲೈಟ್’ ಮನುಷ್ಯನೆಂದರೆ ಮೂಲತಃ ಪಾಲಿಷ್ ಆದ ಮನುಷ್ಯ. ನಗರಕ್ಕೂ ಅವನಿಗೂ ವ್ಯುತ್ಪತ್ತಿಯ ಸಂಬಂಧವಿಲ್ಲ.

ಇಂಗ್ಲಿಷಿನಲ್ಲಿ ಈ ಶಬ್ದವು ಮೊದಲು ಕಲ್ಲು ಲೋಹಗಳಂಥ ವಸ್ತುಗಳ ಹೊಳಪನ್ನೇ ಹೇಳುತ್ತಿದ್ದಿತು. ಅಲ್ಲಿಂದ ಭಾಷೆ, ಕಲೆ, ವಿದ್ಯೆಗಳ ಸಂಸ್ಕಾರಕ್ಕೆ ಹಬ್ಬಿತು. ಕಡೆಗೆ ಮನುಷ್ಯರ ನಡತೆಯನ್ನು ಮುಟ್ಟಿತು. ಇತರರ ಮನಸ್ಸನ್ನು ನೋಯಿಸದಂತೆ ನಡೆಯುವವನೆಂಬ ಇಂದಿನ ಅರ್ಥ ನೆಲೆಗೊಂಡುದು ೧೮ನೆಯ ಶತಮಾನದ ನಡುಭಾಗದ ಹೊತ್ತಿಗೆ. ೧೭೫೫ರಲ್ಲಿ ಪ್ರಕಟವಾದ ಜಾನ್ಸನ್ನನ ನಿಘಂಟು ಈ ಶಬ್ದಕ್ಕೆ ಹೊಳಪುಳ್ಳದ್ದು, ನುಣುಪಾದುದು ಎಂಬ ಅರ್ಥವನ್ನೇ ಮೊದಲು ಕೊಟ್ಟು, ನಡತೆಯ ಅರ್ಥವನ್ನು ಆಮೇಲೆ ಹೇಳುತ್ತದೆ. ನಿಘಂಟುಕಾರನ ಕಾಲದಲ್ಲಿ ಇದರ ರೂಪಕವು ಇನ್ನೂ ಸಂಪೂರ್ಣವಾಗಿ ಮರೆತುಹೋಗಿರಲಿಲ್ಲ.

ಇದರ ವಿರುದ್ಧಪದವನ್ನು ನೋಡಿದರೆ ಮೇಲೆ ಹೇಳಿದ ಮಾತು ಮತ್ತಷ್ಟು ಸ್ಪಷ್ಟವಾಗುತ್ತದೆ. ‘ರೂಡ್’ ಎಂಬುದು ಲ್ಯಾಟಿನ್ನಿನ ‘ರುದಿಸ್’ ಶಬ್ದದಿಂದ ಬಂದುದು. ಕೈ ಸೋಕದ ಕಚ್ಚಾ ಪದಾರ್ಥ, ಕೆತ್ತದ ಕಲ್ಲು, ಒರಟಾದುದು ಎಂದು ಅದರ ಅರ್ಥ. ಪಂಡಿತನನ್ನು ಹೇಳುವ ‘ಎರ್ಯುಡೈಟ್’ ಎಂಬುದೂ ಇಲ್ಲಿಂದಲೇ ಹುಟ್ಟಿದೆ: ಒರಟುತನದಿಂದ ಹೊರಗೆ ತರಲ್ಪಟ್ಟವನು ಪಂಡಿತ. ‘ಕರ್ಟಿಯಸ್’ ಎಂಬವನ ಎದುರಾಳಿ ಬೇರೊಂದು ಸ್ಥಾನದಲ್ಲಿರುವ ಮನುಷ್ಯನಾದರೆ, ‘ಪೊಲೈಟ್’ ಎಂಬವನ ಎದುರಾಳಿ ಇನ್ನೂ ಉಜ್ಜದ ವಸ್ತು. ಹೊಲದವನು ಆಸ್ಥಾನದೊಳಕ್ಕೆ ಬರುವುದು ಅರಸನ ಇಚ್ಛೆಗೆ ಸೇರಿದ್ದು. ಕಲ್ಲನ್ನಾದರೋ ಯಾವುದನ್ನಾದರೂ ಉಜ್ಜಬಹುದು. ಈ ದೃಷ್ಟಿಯಿಂದ ಎರಡನೆಯ ಶಬ್ದವು ಹೆಚ್ಚು ಉದಾರವಾದುದು. ಆದರೆ ಉಜ್ಜುವುದಕ್ಕೆ ಬಿಡುವು ಬೇಕು, ಹಣ ಬೇಕು, ಗುರುಗಳು ಬೇಕು. ಆದುದರಿಂದ ಈ ಔದಾರ್ಯಕ್ಕೂ ಮಿತಿಯುಂಟು. ಅಲ್ಲದೆ ಒಪ್ಪವೆಂಬುದು ಮೇಲಿನದು. ಒಳಗಿರುವುದು ರತ್ನವೋ ಗಾಜೋ ಎಂಬುದನ್ನು ಅದು ಹೇಳುವುದಿಲ್ಲ.

೪

ವ್ಯುತ್ಪತ್ತಿಯಿಂದ ತಿಳಿದ ಈ ಭೇದವು ಸಾಹಿತ್ಯದಲ್ಲಿ ನಿಲ್ಲುವುದೋ ಇಲ್ಲವೋ ಎಂಬುದೇ ನಿಜವಾದ ಪರೀಕ್ಷೆ. ೧೪ನೆಯ ಶತಮಾನದ ಕೊನೆಯ ಭಾಗದಲ್ಲಿ ಚಾಸರನು ಬರೆದ ‘ಕ್ಯಾಂಟರ್ಬರಿ ಕಥೆಗಳ’ ಪೀಠಿಕೆಯಲ್ಲಿ ‘ಕರ್ಟಸಿ’ ಎಂಬ ಮಾತು ಎರಡು ಬೇರೆ ಬೇರೆ ಬೆಳಕಿನಲ್ಲಿ ಕಾಣುತ್ತದೆ. ವೀರಭಟನ ವರ್ಣನೆಯಲ್ಲಿ ಅದು ಸತ್ಯ, ಮಾನ, ಔದಾರ್ಯಗಳ ಸಾಲಿನಲ್ಲಿ ನಿಂತಿದೆ. ಅವನು ಯಾರೊಡನೆಯೂ ಕೀಳುಮಾತನ್ನು ಆಡಿದವನಲ್ಲ. ಅಲ್ಲಿಂದ ಸ್ವಲ್ಪ ಮುಂದಕ್ಕೆ ಹೋದರೆ ಮಠದ ಅಧಿಕಾರಿಣಿಯಾದ ಸಂನ್ಯಾಸಿನಿಗೂ ಈ ಗುಣದಲ್ಲಿ ಬಹಳ ಆಸಕ್ತಿಯೆಂದು ಕವಿ ಹೇಳುತ್ತಾನೆ. ಆದರೆ ಅವಳ ‘ಕರ್ಟಸಿ’ ಯಾವುದರಲ್ಲಿ? ತುತ್ತು ತುಟಿಯಿಂದ ಜಾರದಂತೆ, ಬಟ್ಟಲಿನ ಅಂಚಿಗೆ ಜಿಡ್ಡು ಹತ್ತದಂತೆ ಊಟ ಮಾಡುವುದರಲ್ಲಿ. ಶಬ್ದ ಒಂದೇ, ವೀರಭಟನಲ್ಲಿ ಅದು ಶೀಲ, ಸಂನ್ಯಾಸಿನಿಯಲ್ಲಿ ಆಸ್ಥಾನದ ಅನುಕರಣ. ಎರಡು ಕಡೆಯಲ್ಲಿಯೂ ‘ವಿನಯ’ವೆಂದು ಅರ್ಥ ಹೇಳಿಬಿಟ್ಟರೆ ಚಾಸರನ ಮುಗುಳ್ನಗೆ ವಿದ್ಯಾರ್ಥಿಗೆ ಕಾಣಿಸುವುದಿಲ್ಲ. ‘ಆಸ್ಥಾನದ ನಡೆ’ ಎಂಬ ಮೂಲಾರ್ಥ ಮನಸ್ಸಿನಲ್ಲಿದ್ದರೆ, ಮಠದಲ್ಲಿರಬೇಕಾದವಳ ಮನಸ್ಸು ಅರಮನೆಯ ಕಡೆಗೆ ತಿರುಗಿದೆಯೆಂಬುದು ಒಡನೆಯೇ ಹೊಳೆಯುವುದು.

ಸ್ಪೆನ್ಸರನ ‘ಫೇರಿ ಕ್ವೀನ್’ ಕಾವ್ಯದ ಆರನೆಯ ಕಾಂಡಕ್ಕೆ ‘ಕರ್ಟಸಿ’ಯೇ ವಿಷಯ, ಅದರ ನಾಯಕನು ಕ್ಯಾಲಿಡೋರ್. ೧೫೯೬ರಲ್ಲಿ ಪ್ರಕಟವಾದ ಈ ಕಾಂಡದಲ್ಲಿ ಕವಿಯು ಈ ಗುಣದ ಹೆಸರು ‘ಕೋರ್ಟ್’ ಎಂಬುದರಿಂದ ಬಂದಿತೆಂದು ತಾನೇ ತಿಳಿಸುತ್ತಾನೆ. ಹಾಗೆಂದು ಅದನ್ನು ಅರಮನೆಯಲ್ಲಿಯೇ ಇರಗೊಡುವುದಿಲ್ಲ. ಅದರ ನೆಲೆ ಹೊರಗಿನ ತೋರಿಕೆಯಲ್ಲಿಲ್ಲ, ಮನಸ್ಸಿನ ಆಳದಲ್ಲಿದೆಯೆಂದು ವಾದಿಸುತ್ತಾನೆ. ಕ್ಯಾಲಿಡೋರನು ತನ್ನ ಕಾರ್ಯವನ್ನು ಬಿಟ್ಟು ಕುರುಬರ ನಡುವೆ ನೆಲಸುವನು. ಮಾತೇ ಬಾರದ ಕಾಡುಮನುಷ್ಯನೊಬ್ಬನು ಗಾಯಗೊಂಡವರಿಗೆ ಮಾಡುವ ಉಪಚಾರವು ನಾಡವರನ್ನು ನಾಚಿಸುವಂತಿದೆ. ಇಷ್ಟಾದರೂ ಕವಿಯು ಶಬ್ದದ ಹುಟ್ಟಿನಿಂದ ಪೂರ್ತಿಯಾಗಿ ಬಿಡಿಸಿಕೊಳ್ಳಲಾರನು. ಆ ಕಾಡುಮನುಷ್ಯನಲ್ಲಿಯೂ ಉತ್ತಮಕುಲದ ರಕ್ತವಿರಬೇಕೆಂಬ ಸೂಚನೆ ಬರುತ್ತದೆ. ಕುರುಬರ ಹುಡುಗಿ ಪ್ಯಾಸ್ಟೊರೆಲ್ಲಳು ಕೊನೆಗೆ ಶ್ರೀಮಂತ ದಂಪತಿಗಳ ಮಗಳಾಗಿ ಪರಿಣಮಿಸುತ್ತಾಳೆ. ಗುಣವನ್ನು ಕಾಡಿಗೆ ಕೊಂಡೊಯ್ದ ಕವಿ, ಕುಲವನ್ನೂ ಅದರ ಹಿಂದೆಯೇ ಕಳುಹಿಸಿದನು. ಈ ಕಾಂಡದ ಅಂತರಂಗದಲ್ಲಿರುವ ಬಿಕ್ಕಟ್ಟು ಇದು. ಶಬ್ದದ ಚರಿತ್ರೆಯನ್ನು ಅರಿತವನಿಗೆ ಅದು ಕಥೆಯ ಅಸಂಬದ್ಧತೆಯಾಗಿ ಕಾಣದೆ ಕಾವ್ಯದ ಸಮಸ್ಯೆಯಾಗಿಯೇ ಕಾಣುತ್ತದೆ.

೫

೧೮ನೆಯ ಶತಮಾನದಲ್ಲಿ ಇಂಗ್ಲಿಷರ ಸಮಾಜದ ನಡುಬಿಂದು ಆಸ್ಥಾನದಿಂದ ಕಾಫಿಗೃಹ, ಕ್ಲಬ್ಬು, ಚಹದ ಮೇಜುಗಳ ಕಡೆಗೆ ಸರಿಯಿತು. ೧೭೧೧ರಲ್ಲಿ ಆರಂಭವಾದ ‘ಸ್ಪೆಕ್ಟೇಟರ್’ ಪತ್ರಿಕೆಯಲ್ಲಿ ಆಡಿಸನ್ನನು ತತ್ತ್ವವಿಚಾರವನ್ನು ಪಂಡಿತರ ಕೋಣೆಯಿಂದ ಇಂಥ ಸ್ಥಳಗಳಿಗೆ ತರುವುದೇ ತನ್ನ ಹಂಬಲವೆಂದು ಹೇಳಿಕೊಂಡನು. ಇದಕ್ಕೆ ಎರಡು ವರ್ಷ ಮೊದಲು, ೧೭೦೯ರಲ್ಲಿ, ಶ್ಯಾಫ್ಟ್ಸ್‌ಬರಿಯು ಒಂದು ಪ್ರಬಂಧದಲ್ಲಿ, ಜನರು ಸ್ವತಂತ್ರವಾಗಿ ಮಾತಾಡಿ ಒಬ್ಬರೊಡನೊಬ್ಬರು ಸ್ನೇಹದಿಂದ ತಾಗಿದಾಗ ಮೊನೆಗಳು ಸವೆದು ನಯ ಬರುವುದೆಂದು ವಿವರಿಸಿದ್ದನು. ಹೊಳೆಯ ಕಲ್ಲುಗಳು ಒಂದನ್ನೊಂದು ಉಜ್ಜಿ ದುಂಡಗಾಗುವ ಚಿತ್ರವನ್ನು ನೆನಪಿಗೆ ತರುವ ಈ ವಿವರಣೆಯಲ್ಲಿ ‘ಪೊಲೈಟ್’ ಶಬ್ದದ ಮೂಲಾರ್ಥವೇ ಸಿದ್ಧಾಂತವಾಗಿ ನಿಂತಿದೆ. ಇಲ್ಲಿ ಅರಸನಿಲ್ಲ, ಸಮಾನರ ಸಂಭಾಷಣೆಯಿಂದಲೇ ಸಂಸ್ಕಾರ. ಇಂಥ ಕಾಲಕ್ಕೆ ಹಳೆಯ ಶಬ್ದ ಸಾಲದಾದುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಒಪ್ಪಕ್ಕೆ ಸಹಜವಾದ ಅಪಾಯವೂ ಬೇಗನೆ ಗೋಚರಿಸಿತು. ಚೆಸ್ಟರ್‌ಫೀಲ್ಡ್ ಪ್ರಭುವು ತನ್ನ ಮಗನಿಗೆ ಬರೆದ ಪತ್ರಗಳು ಅವನು ತೀರಿಕೊಂಡ ಮರುವರ್ಷ, ೧೭೭೪ರಲ್ಲಿ, ಅಚ್ಚಾದುವು. ಜನರನ್ನು ಮೆಚ್ಚಿಸುವ ಕಲೆಯನ್ನು ಅವು ಎಷ್ಟು ನಿಪುಣವಾಗಿ ಬೋಧಿಸುವುವೆಂದರೆ, ಮೆಚ್ಚಿಕೆಗೆ ಯೋಗ್ಯನಾಗುವುದು ಮರೆತುಹೋಗುತ್ತದೆ. ಜಾನ್ಸನ್ನನು ಅವುಗಳನ್ನು ಅತ್ಯಂತ ಕಟುವಾಗಿ ಖಂಡಿಸಿದನು.

ಈ ಇಬ್ಬರ ಹೆಸರುಗಳು ಕೂಡಿದಲ್ಲಿ ನೆನಪಾಗುವುದು ಜಾನ್ಸನ್ನನೇ ಚೆಸ್ಟರ್‌ಫೀಲ್ಡನಿಗೆ ೧೭೫೫ರ ಫೆಬ್ರವರಿಯಲ್ಲಿ ಬರೆದ ಪತ್ರ. ನಿಘಂಟಿನ ಕೆಲಸದ ಕಷ್ಟದ ವರ್ಷಗಳಲ್ಲಿ ತಿರುಗಿ ನೋಡದೆ, ಗ್ರಂಥ ಮುಗಿಯುತ್ತ ಬಂದಾಗ ಹೊಗಳಿ ಬರೆದ ಪ್ರಭುವಿಗೆ ಗ್ರಂಥಕರ್ತನು ಕೊಟ್ಟ ಉತ್ತರವದು. ಒಂದು ವಾಕ್ಯದಲ್ಲಿಯಾದರೂ ಮರ್ಯಾದೆ ತಪ್ಪಿಲ್ಲ. ವಿಧೇಯ ಸೇವಕನೆಂಬ ಒಕ್ಕಣೆಯಿಂದಲೇ ಮುಕ್ತಾಯ. ಆದರೂ ಒಂದೊಂದು ವಾಕ್ಯವೂ ಒಂದೊಂದು ಪೆಟ್ಟು. ಈ ಪತ್ರವನ್ನು ‘ಪೊಲೈಟ್’ ಎನ್ನಬೇಕು. ಮೇಲ್ಮೈ ಅಷ್ಟು ನಯವಾಗಿದೆ. ‘ವಿನಯಪೂರ್ಣ’ವೆಂದರೆ ನಗೆಗೀಡಾಗುತ್ತೇವೆ. ಎದುರಿನವನಿಗೆ ಹಿತವನ್ನು ಬಯಸುವ ‘ಕರ್ಟಿಯಸ್’ ಎಂಬ ಮಾತೂ ಇದಕ್ಕೆ ಸಲೀಸಾಗಿ ಸಲ್ಲದು.

ಜೇನ್ ಆಸ್ಟೆನಳ ‘ಎಮ್ಮಾ’ ಕಾದಂಬರಿಯಲ್ಲಿ ಈ ವಿವಾದವು ಪಾತ್ರಗಳ ಬಾಯಲ್ಲಿಯೇ ಬರುತ್ತದೆ. ಫ್ರ್ಯಾಂಕ್ ಚರ್ಚಿಲ್ ಎಂಬ ಯುವಕನನ್ನು ‘ಏಮಿಯಬಲ್’ ಎಂದು ಎಮ್ಮಾ ಹೊಗಳಿದಾಗ ನೈಟ್ಲಿಯು, ಆ ಶಬ್ದದ ಫ್ರೆಂಚ್ ಅರ್ಥದಲ್ಲಿ ಮಾತ್ರ ಅವನು ಹಾಗಿರಬಹುದು, ಇಂಗ್ಲಿಷ್ ಅರ್ಥದಲ್ಲಿ ಅಲ್ಲ ಎನ್ನುತ್ತಾನೆ. ನಡೆನುಡಿ ಸೊಗಸಾಗಿರಬಹುದು; ಪರರ ಮನಸ್ಸಿನ ವಿಷಯದಲ್ಲಿ ಕೋಮಲತೆಯಿಲ್ಲವೆಂಬುದು ಅವನ ಆಕ್ಷೇಪಣೆ. ಅಲ್ಲಿಯ ಶಬ್ದ ಬೇರೆಯಾದರೂ ಅಲ್ಲಿ ಎಳೆದಿರುವ ಗೆರೆ ನಮ್ಮ ಎರಡು ವಿಶೇಷಣಗಳ ನಡುವಣ ಗೆರೆಯೇ. ಮದುವೆಯ ಆಯ್ಕೆಯಂಥ ಗಂಭೀರ ವಿಷಯವು ಒಂದು ಗುಣವಾಚಕದ ಅರ್ಥವನ್ನು ಸರಿಯಾಗಿ ಹಿಡಿಯುವುದರ ಮೇಲೆ ನಿಂತಿರುವುದನ್ನು ಆಸ್ಟೆನಳು ತೋರಿಸಿಕೊಟ್ಟಿದ್ದಾಳೆ.

೬

ಇಂದಿನ ಬಳಕೆಯಲ್ಲಿ ಈ ಎರಡು ಶಬ್ದಗಳು ಅನೇಕ ಕಡೆ ಒಂದರ ಸ್ಥಾನದಲ್ಲಿ ಇನ್ನೊಂದು ಬರುತ್ತವೆ. ಆದರೂ ಅವುಗಳ ಜೊತೆಗಾರ ಶಬ್ದಗಳನ್ನು ಗಮನಿಸಿದರೆ ಹಳೆಯ ನೆನಪು ಕಾಣುತ್ತದೆ. ಸಭಿಕರು ಉತ್ಸಾಹವಿಲ್ಲದೆ ತಟ್ಟುವ ಚಪ್ಪಾಳೆ ‘ಪೊಲೈಟ್’. ಸಂತೋಷವಿಲ್ಲದ ಮುಗುಳ್ನಗೆ ‘ಪೊಲೈಟ್’. ಸುಳ್ಳೆಂದು ಎಲ್ಲರಿಗೂ ಗೊತ್ತಿದ್ದು ಎಲ್ಲರೂ ಒಪ್ಪಿಕೊಂಡ ಕಲ್ಪನೆಯೂ ‘ಪೊಲೈಟ್’. ‘ಕರ್ಟಿಯಸ್’ ಎಂಬುದನ್ನು ಇಲ್ಲೆಲ್ಲ ಹಾಕಿದರೆ ಮಾತಿನ ಮೊನೆ ಮುರಿಯುತ್ತದೆ. ಇದಕ್ಕೆ ಪ್ರತಿಯಾಗಿ, ಕಾನೂನಿನಂತೆ ಹಕ್ಕಿಲ್ಲದಿದ್ದರೂ ಇಂಗ್ಲೆಂಡಿನ ಪ್ರಭುಗಳ ಮಕ್ಕಳಿಗೆ ರೂಢಿಯಿಂದ ಸಲ್ಲುವ ಬಿರುದನ್ನು ‘ಕರ್ಟಸಿ’ಯ ಬಿರುದೆನ್ನುತ್ತಾರೆ. ಸಲ್ಲಲೇಬೇಕಾದುದಕ್ಕಿಂತ ಹೆಚ್ಚಾಗಿ ಏನನ್ನಾದರೂ ಕೊಡುವುದು ಒಂದರ ಒಲವು. ತೋರಿಸಬಹುದಾಗಿದ್ದ ಭಾವವನ್ನು ತಡೆಹಿಡಿಯುವುದು ಇನ್ನೊಂದರ ಒಲವು.

ಈಚಿನ ಭಾಷಾಶಾಸ್ತ್ರದಲ್ಲಿ ಸಂಭಾಷಣೆಯ ಮರ್ಯಾದೆಯನ್ನು ಕುರಿತ ವಿಚಾರಕ್ಕೆ ‘ಪೊಲೈಟ್‌ನೆಸ್’ ಎಂಬ ಹೆಸರೇ ನಿಂತಿದೆ. ಬ್ರೌನ್ ಮತ್ತು ಲೆವಿನ್ಸನ್ ಎಂಬ ವಿದ್ವಾಂಸರು ೧೯೭೮ರಲ್ಲಿ ಪ್ರಕಟಿಸಿ ೧೯೮೭ರಲ್ಲಿ ಗ್ರಂಥರೂಪಕ್ಕೆ ತಂದ ಸಿದ್ಧಾಂತವು ಇಂಗ್ಲಿಷು, ತಮಿಳು, ಮೆಕ್ಸಿಕೋದ ತ್ಸೆಲ್ತಾಲ್ ಭಾಷೆಗಳ ಸಾಮಗ್ರಿಯ ಮೇಲೆ ಕಟ್ಟಿದ್ದು. ಎದುರಿನವರ ‘ಮುಖ’ಕ್ಕೆ ಭಂಗ ಬಾರದಂತೆ ಮಾತಾಡುವುದೇ ಅದರ ಮೂಲಸೂತ್ರ. ‘ಮುಖಭಂಗ’ವೆಂಬ ಮಾತುಳ್ಳ ನಮಗೆ ಇದು ಹೊಸದಾಗಿ ತೋರದು.

೭

ಇನ್ನು ಕನ್ನಡದ ಮಾತಿಗೆ ಬರೋಣ. ‘ವಿನಯ’ವೆಂಬುದು ‘ನೀ’ ಧಾತುವಿಗೆ ‘ವಿ’ ಉಪಸರ್ಗ ಸೇರಿ ಆದುದು. ಶಿಕ್ಷಣ, ನಿಯಮಪಾಲನೆ ಎಂಬುದು ಅದರ ಹಳೆಯ ಅರ್ಥ. ಬೌದ್ಧರ ವಿನಯಪಿಟಕದ ಹೆಸರಿನಲ್ಲಿ ಅದೇ ಅರ್ಥವಿದೆ. ಕನ್ನಡದಲ್ಲಿ ಇಂದು ಅದು ಅಹಂಕಾರವಿಲ್ಲದಿರುವುದನ್ನು ಹೇಳುತ್ತದೆ. ನಮ್ಮ ಎರಡು ವಿಶೇಷಣಗಳಲ್ಲಿ ಯಾವುದಕ್ಕೂ ಅಹಂಕಾರದ ಅಭಾವ ಅವಶ್ಯವಲ್ಲ. ಗರ್ವಿಷ್ಠನೂ ‘ಪೊಲೈಟ್’ ಆಗಿರಬಹುದು.

‘ಕರ್ಟಿಯಸ್’ ಎಂಬುದಕ್ಕೆ ಹುಟ್ಟಿನಿಂದ ಅತ್ಯಂತ ಸಮೀಪವಾದುದು ‘ಸಭ್ಯ’. ಸಭೆಯಲ್ಲಿ ಸಾಧುವಾದವನು ಸಭ್ಯನೆಂದು ಪಾಣಿನಿಯ ವ್ಯಾಕರಣವೇ ಈ ಶಬ್ದವನ್ನು ಸಾಧಿಸುತ್ತದೆ. ಆಸ್ಥಾನದಿಂದ ಅದು, ಸಭೆಯಿಂದ ಇದು. ಆದರೆ ಬಳಕೆಯಲ್ಲಿ ‘ಸಭ್ಯ’ನೆಂದರೆ ಕೆಟ್ಟದ್ದನ್ನು ಮಾಡದವನೆಂದೇ ಹೆಚ್ಚು ಭಾವನೆ, ಎದ್ದು ಬಂದು ಎದುರುಗೊಳ್ಳುವ ಆದರ ಅದರಲ್ಲಿ ಕಡಮೆ. ಆ ಆದರವು ‘ಸೌಜನ್ಯ’ದಲ್ಲಿಯೂ ‘ದಾಕ್ಷಿಣ್ಯ’ದಲ್ಲಿಯೂ ಉಂಟು. ಹೊಸ ಪ್ರಿಯೆಯಲ್ಲಿ ಮನಸ್ಸಿದ್ದರೂ ಮೊದಲಿನವಳೊಡನೆ ಹೃದಯವಿಟ್ಟು ನಡೆಯುವವನನ್ನು ‘ದಕ್ಷಿಣ’ನೆಂದೂ, ಗುಟ್ಟಾಗಿ ಅವಳಿಗೆ ಅಪ್ರಿಯವನ್ನು ಮಾಡುವವನನ್ನು ‘ಶಠ’ನೆಂದೂ ‘ದಶರೂಪಕ’ವು ವಿಂಗಡಿಸುವಲ್ಲಿ, ಹೊರಗೆ ಒಂದೇ ಬಗೆಯಾಗಿ ಕಾಣಬಹುದಾದ ನಡತೆಯನ್ನು ಒಳಗಿನ ಭಾವದಿಂದ ಬೇರ್ಪಡಿಸುವ ಪ್ರಯತ್ನವಿದೆ. ಕನ್ನಡದ ಇಂದಿನ ‘ದಾಕ್ಷಿಣ್ಯ’ವಾದರೋ ಇಲ್ಲವೆನ್ನಲಾರದ ಸಂಕೋಚದ ಕಡೆಗೆ ವಾಲಿದೆ. ಆದುದರಿಂದ ಸಾಮಾನ್ಯವಾಗಿ ‘ಸೌಜನ್ಯಶೀಲ’ ಎಂಬುದೇ ಸಲ್ಲುವಂಥದು. ಆಸ್ಥಾನದ ಅರ್ಥ ಮುಖ್ಯವಾದಲ್ಲಿ ‘ಸಭಾಮರ್ಯಾದೆಯನ್ನು ಬಲ್ಲ’ ಎಂದು ಬಿಡಿಸಿ ಹೇಳುವುದು ಲೇಸು.

‘ಪೊಲೈಟ್’ ಎಂಬುದಕ್ಕಾದರೋ ಕನ್ನಡದಲ್ಲಿ ಸಿದ್ಧವಾದ ಮಾತೇ ಇದೆ: ‘ನಯ’. ಸಂಸ್ಕೃತದ ‘ನಯ’ವು ನೀತಿ, ನಡೆ ಎಂಬುದನ್ನು ಹೇಳಿದರೆ, ನಮ್ಮ ಬಳಕೆಯ ‘ನಯ’ವು ನುಣುಪನ್ನೂ ಹೇಳುತ್ತದೆ. ನಯವಾದ ಬಟ್ಟೆ, ನಯವಾದ ಹಲಗೆ, ನಯವಾದ ಮಾತು ಎಂದು ನಾವು ಒಂದೇ ಉಸಿರಿನಲ್ಲಿ ಅನ್ನುತ್ತೇವೆ. ಇದರ ಎದುರಿಗೆ ‘ಒರಟು’: ಒರಟು ಕಲ್ಲು, ಒರಟು ಮಾತು. ‘ಪೊಲೀತುಸ್’ ಮತ್ತು ‘ರುದಿಸ್’ ಶಬ್ದಗಳ ಜೋಡಿಯೇ ಇಲ್ಲಿ ತಾನಾಗಿ ಬೆಳೆದು ನಿಂತಿದೆ. ಅಷ್ಟೇ ಅಲ್ಲ, ಒಪ್ಪದ ಅಪಾಯವನ್ನೂ ನಮ್ಮ ಜನರು ಕಂಡುಕೊಂಡು ‘ನಯವಂಚಕ’ನೆಂಬ ಮಾತನ್ನು ಕಟ್ಟಿದರು. ‘ಸೌಜನ್ಯವಂಚಕ’ನೆಂಬ ಮಾತು ನಮ್ಮಲ್ಲಿ ಹುಟ್ಟಲಿಲ್ಲ, ಸುಜನನ ಭಾವದೊಳಗೆ ವಂಚನೆಗೆ ಎಡೆಯಿಲ್ಲವೆಂದು ಭಾಷೆಯೇ ತೀರ್ಮಾನಿಸಿದಂತಿದೆ. ಒಳಗಿನ ಪ್ರೀತಿಯಿಲ್ಲದ ‘ಪೊಲೈಟ್’ ಮಾತಿಗೆ ‘ಬಾಯುಪಚಾರ’ವೆಂಬ ಮಾತು ಇದ್ದೇ ಇದೆ. ಇಷ್ಟು ಸಂಪತ್ತಿರುವಾಗ ಎಲ್ಲ ಕಡೆಯಲ್ಲಿಯೂ ‘ವಿನಯ’ವೊಂದನ್ನೇ ಹಚ್ಚುವುದು ನಮ್ಮ ಭಾಷೆಗೆ ನಾವೇ ಮಾಡುವ ಅನ್ಯಾಯ.

೮

ಕೊನೆಯಲ್ಲಿ ಒಂದು ಎಚ್ಚರಿಕೆ ಅವಶ್ಯಕ. ಶಬ್ದದ ಹುಟ್ಟೇ ಅದರ ನಿಜವಾದ ಅರ್ಥವೆಂದು ಈ ಲೇಖನದ ಅಭಿಪ್ರಾಯವಲ್ಲ. ಹಾಗೆ ಹಿಡಿದರೆ ‘ಕರ್ಟಿಯಸ್’ ಮನುಷ್ಯನನ್ನು ಹಟ್ಟಿಯಲ್ಲಿ ಹುಡುಕಬೇಕಾಗುವುದು. ಅರ್ಥವನ್ನು ನಿರ್ಣಯಿಸತಕ್ಕದ್ದು ಬಳಕೆ. ಹುಟ್ಟು ಆ ಬಳಕೆಯ ಕೆಲವು ಒಲವುಗಳನ್ನು ವಿವರಿಸಬಲ್ಲುದು, ಅಷ್ಟೆ. ಚಾಸರನ ಸಂನ್ಯಾಸಿನಿಯಲ್ಲಿ ಹಳೆಯ ಶಬ್ದವೂ ಬರಿಯ ತೋರಿಕೆಯಾದುದನ್ನು ಕಂಡೆವು. ಶ್ಯಾಫ್ಟ್ಸ್‌ಬರಿಯಲ್ಲಿ ಹೊಸ ಶಬ್ದವು ಸ್ವಾತಂತ್ರ್ಯದ ಗುರುತಾದುದನ್ನೂ ಕಂಡೆವು. ಆದುದರಿಂದ ಒಂದು ಮೇಲು, ಇನ್ನೊಂದು ಕೀಳು ಎಂದು ವಿಧಿಸುವುದು ಸಾಧ್ಯವಿಲ್ಲ. ಅಧ್ಯಾಪಕರು ಈ ಶಬ್ದಗಳು ಬಂದೆಡೆಯಲ್ಲಿ ಒಂದು ಕ್ಷಣ ನಿಂತು, ಇಲ್ಲಿ ಹೇಳುತ್ತಿರುವುದು ಎದುರಿನವನಿಗೆ ಸಲ್ಲಿಸಿದ ಆದರವೋ, ತನಗೆ ತಾನೇ ಇಟ್ಟುಕೊಂಡ ಒಪ್ಪವೋ ಎಂದು ವಿದ್ಯಾರ್ಥಿಗಳನ್ನು ಕೇಳಿದರೆ ಸಾಕು. ಆ ಪ್ರಶ್ನೆಗೆ ಉತ್ತರವನ್ನು ಹುಡುಕುವುದರಲ್ಲಿಯೇ ಪಾಠವು ಬಹುಮಟ್ಟಿಗೆ ಮುಗಿದಿರುತ್ತದೆ.